ರಾಗ ಬಿಟ್ಟು ಓದು

ಗುಡಿಯಲ್ಲಿ ಪುರಾಣ ಓದುತ್ತಿದ್ದ ಗವಿಸಿದ್ದಪ್ಪನವರು ಶಿವನ ಪಾದ ಸೇರಿ ಐದು ತಿಂಗಳಾಗಿತ್ತು. ಆ ಮುಂಗಾರಿನಲ್ಲಿ ಊರಿನ ಸರಕಾರಿ ಶಾಲೆಗೆ ಹನ್ನೆರಡು ಟ್ಯಾಬುಗಳು ಬಂದವು. ಕುಕನೂರಿನಿಂದ ಜೀಪಿನಲ್ಲಿ ತಂದು, ಒಂದೊಂದಕ್ಕೂ ನಂಬರು ಹಚ್ಚಿ, ಹೆಡ್ ಮಾಸ್ತರರ ಕಪಾಟಿನಲ್ಲಿ ಬೀಗ ಹಾಕಿ ಇಟ್ಟರು. ಮೂರನೆಯ ತರಗತಿಯ ಮಕ್ಕಳು ಪಾಳಿಯ ಮೇಲೆ ಅವುಗಳ ಮುಂದೆ ಕೂತು ಓದಬೇಕು. ಗಾಜಿನ ಮೇಲೆ ಒಂದು ಸಾಲು ಬರುತ್ತದೆ. ಮಗು ಅದನ್ನು ಗಟ್ಟಿಯಾಗಿ ಓದಿದರೆ ಮೂಲೆಯಲ್ಲಿ ಕೂತ ನೀಲಿ ಹಕ್ಕಿ ರೆಕ್ಕೆ ಬಡಿದು, “ಶಭಾಷ್! ಮುಂದೆ ಹೋಗು” ಎನ್ನುತ್ತದೆ. ಆಗ ಮಾತ್ರ ಎರಡನೆಯ ಸಾಲು ಬರುತ್ತದೆ. ಓದಿದ್ದು ಹಕ್ಕಿಗೆ ತಿಳಿಯದಿದ್ದರೆ, “ಮತ್ತೊಮ್ಮೆ ಓದು” ಎನ್ನುತ್ತದೆ. ಸಾಲು ಇದ್ದಲ್ಲಿಯೇ ಇರುತ್ತದೆ.

ಇದೆಲ್ಲ ರೇಣುಕಾಗೆ ಗೊತ್ತಾದದ್ದು ಗೋಡೆಯ ಈಚೆಯಿಂದ. ಅವಳು ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಅಡುಗೆ ಕೋಣೆಗೂ ಮೂರನೆಯ ತರಗತಿಗೂ ನಡುವೆ ಒಂದೇ ಗೋಡೆ, ಮೇಲೆ ಗಾಳಿಗೆ ಬಿಟ್ಟ ಒಂದು ಕಿಂಡಿ. ಅವಳು ಬೇಳೆ ತೊಳೆಯುತ್ತಿದ್ದಾಗ ಮಗಳು ರೂಪಾಳ ದನಿ ಆ ಕಿಂಡಿಯಿಂದ ಬಂತು.

“ಅಳಿಲೂ... ಮರವನೂ... ಏರಿತೂ...”

“ಮತ್ತೊಮ್ಮೆ ಓದು,” ಎಂದಿತು ಹಕ್ಕಿ.

“ಅಳಿಲೂ...”

ಒಂಬತ್ತು ಸಲ ಆಯಿತು. ಒಂಬತ್ತನೆಯ ಸಲಕ್ಕೆ ಮಕ್ಕಳೆಲ್ಲ ಹಕ್ಕಿಯ ಜೊತೆಗೇ “ಮತ್ತೊಮ್ಮೆ ಓದು” ಎಂದು ಕೂಗಿ ನಕ್ಕರು. ಆಮೇಲೆ ರೂಪಾಳ ದನಿ ಕೇಳಲಿಲ್ಲ. ರೇಣುಕಾ ತೊಳೆದ ಬೇಳೆಯನ್ನೇ ಮತ್ತೆ ತೊಳೆದಳು.

ಊಟದ ಗಂಟೆ ಮುಗಿದ ಮೇಲೆ ಅವಳು ಹಸೀನಾಬೇಗಂ ಟೀಚರನ್ನು ಅಂಗಳದಲ್ಲಿ ತಡೆದಳು.

“ಅಕ್ಕೋರೆ, ನನ್ನ ಮಗಳಿಗೆ ಓದಾಕ ಬರ್ತೈತೆಲ್ರಿ. ಒಂದನೇ ಇಯತ್ತೆಯಾಗನ ಪುಸ್ತಕ ಮುಗಿಸಿದ ಹುಡುಗಿ ಆಕಿ.”

“ಬರ್ತೈತಿ ರೇಣುಕಾ, ನನಗ ಗೊತ್ತಿಲ್ಲೇನು? ಆದ್ರ ಆಕಿ ಓದಂಗಿಲ್ಲ, ಹಾಡ್ತಾಳ. ಆ ಹಕ್ಕಿಗೆ ಅದು ತಿಳಿಯಂಗಿಲ್ಲ.”

“ನೀವ ಒಂದು ಮಾತು ಹೇಳ್ರಿ ಅದಕ್ಕ.”

ಹಸೀನಾಬೇಗಂ ನಕ್ಕುಬಿಟ್ಟರು. “ನನ್ನ ಮಾತು ಎಲ್ಲಿ ಕೇಳ್ತೈತಿ? ಮೊದಲನೇ ದಿನ ನಾನ ಓದಿದೆ. ನನಗೂ ಮತ್ತೊಮ್ಮೆ ಓದು ಅಂತು. ಇಪ್ಪತ್ತೆರಡು ವರ್ಷದಿಂದ ಕನ್ನಡ ಕಲಿಸಾಕತ್ತೀನಿ ನಾನು.” ನಗು ಅಲ್ಲಿಗೇ ನಿಂತಿತು. “ಇದು ಚೇಷ್ಟೆ ಅಲ್ಲವ್ವ. ಶುಕ್ರವಾರಕ್ಕೊಮ್ಮೆ ಯಾರು ಎಷ್ಟು ಓದಿದ್ರು ಅಂತ ಅದು ತಾನ ಮ್ಯಾಲಕ ಕಳಿಸಿಬಿಡ್ತೈತಿ. ಶ್ರಾವಣದ ಮೂರನೇ ಶುಕ್ರವಾರಕ್ಕ ಹತ್ತು ಪಾಠ ದಾಟದವರನ್ನ ಎರಡನೇತ್ತೆ ಮಕ್ಕಳ ಸಂಗಾಟ ಕೂಡಿಸ್ರಿ ಅಂತ ಆರ್ಡರ್ ಬಂದೈತಿ. ನನ್ನ ಕೈಯಾಗ ಏನೂ ಇಲ್ಲ.”

“ಆಕಿ ಎಷ್ಟು ದಾಟ್ಯಾಳ್ರಿ?”

“ಇನ್ನೂ ಒಂದನೇ ಪಾಠದ ಒಂದನೇ ಸಾಲಿನಾಗ ಅದಾಳ.”

ರೂಪಾ ಹಾಗೆ ಓದಲು ಕಾರಣ ಊರಿಗೆಲ್ಲ ಗೊತ್ತಿತ್ತು. ಅವಳ ಅಜ್ಜ ಗವಿಸಿದ್ದಪ್ಪ ಪಂಚಾಯತಿಯಲ್ಲಿ ನೀರು ಬಿಡುವ ಕೆಲಸ ಮಾಡಿದವರು. ಆದರೆ ಶ್ರಾವಣ ಬಂತೆಂದರೆ ಅವರು ಬಸವಣ್ಣನ ಗುಡಿಯಲ್ಲಿ ಪುರಾಣ ಓದುವವರು. ಸಂಜೆ ದೀಪ ಹಚ್ಚಿದ ಮೇಲೆ ಅವರು ಒಂದು ಪದ್ಯವನ್ನು ರಾಗ ಎಳೆದು ಓದಬೇಕು, ಗುಡಿಯ ಅಯ್ಯನವರು ಅದರ ಅರ್ಥ ಹೇಳಬೇಕು. ನಲವತ್ತೊಂದು ಶ್ರಾವಣ ಹಾಗೆ ನಡೆಯಿತು. ಮೊಮ್ಮಗಳು ಅಕ್ಷರ ಕಲಿತದ್ದು ಅವರ ತೊಡೆಯ ಮೇಲೆ, ಆ ಪುರಾಣದ ಪುಸ್ತಕದಲ್ಲಿ. ಹೀಗಾಗಿ ಅವಳಿಗೆ ಅಕ್ಷರ ಬೇರೆ, ರಾಗ ಬೇರೆ ಎಂದು ಗೊತ್ತಿರಲಿಲ್ಲ. ಬಸ್ಸಿನ ಬೋರ್ಡನ್ನೂ ಅವಳು ರಾಗವಾಗಿಯೇ ಓದುತ್ತಿದ್ದಳು. ಅಜ್ಜ ಇರುವತನಕ ಎಲ್ಲರೂ ಅದನ್ನು ಕೇಳಿ ಸಂತೋಷಪಟ್ಟಿದ್ದರು, ರೇಣುಕಾ ಕೂಡ.

ಆ ಸಂಜೆ ರೇಣುಕಾ ರೊಟ್ಟಿ, ಪುಂಡಿಪಲ್ಯ ಬಡಿಸಿ, ಬಡಿಸುವಾಗಲೇ ಮಾತು ತೆಗೆದಳು.

“ಇನ್ನ ಮ್ಯಾಲೆ ಈ ಮನ್ಯಾಗ ರಾಗ ಬ್ಯಾಡ. ಪುಸ್ತಕ ಓದೂದಿದ್ರ ಮಾತಾಡಿದಂಗ ಓದಬೇಕು.”

ವಿರುಪಣ್ಣ ರೊಟ್ಟಿ ಮುರಿಯುತ್ತ ಹೆಂಡತಿಯ ಮುಖ ನೋಡಿದ. ಅಪ್ಪನ ನಂತರ ನೀರು ಬಿಡುವ ಕೆಲಸ ಅವನಿಗೆ ಬಂದಿತ್ತು. ವಾಲ್ವಿನ ಕೀಲಿ ಯಾವಾಗಲೂ ಅವನ ಪಕ್ಕದಲ್ಲಿಯೇ ಇರುತ್ತಿತ್ತು.

“ಯಾರು ಹಾಡಿದ್ರು ಈಗ?” ಎಂದ.

“ನಿಮ್ಮ ಮಗಳು. ಸಾಲ್ಯಾಗ ಒಂಬತ್ತು ಸಲ ಹಕ್ಕಿ ಕೈಲೆ ಬೈಸಿಕೊಂಡ್ಳು.”

“ಹಕ್ಕಿ ಬೈತು?” ಅವನು ನಕ್ಕ. “ಏ ಹಕ್ಕೀ, ನನಗ ಇನ್ನೊಂದು ರೊಟ್ಟಿ ಹಾಕವ್ವ.”

“ನಗ್ರಿ. ನಿಮಗೇನು, ಕೀಲಿ ತಿರುವಿದ್ರ ನೀರು ಬರ್ತಾವು. ನಾಳೆ ಎರಡನೇತ್ತೆ ಮಕ್ಕಳ ಸಂಗಾಟ ಕುಂತಾಗ ಆಕಿ ಮುಖ ನೋಡಾಕಿ ನಾನು.”

ಅತ್ತೆ ಹುಲಗಮ್ಮ ಗೋಡೆಗೆ ಒರಗಿ ಮಜ್ಜಿಗೆಯಲ್ಲಿ ರೊಟ್ಟಿ ನೆನೆಸುತ್ತಿದ್ದರು. ಅವರು ನಿಧಾನವಾಗಿ ಹೇಳಿದರು, “ಶ್ರಾವಣ ಹತ್ರ ಬಂತು ರೇಣುಕಾ. ಅದೊಂದು ಮುಗೀಲಿ.”

“ಶ್ರಾವಣಕ್ಕೂ ಇದಕ್ಕೂ ಏನ್ರಿ ಅತ್ತೀ?”

“ನಿನಗ ಗೊತ್ತಿಲ್ಲದ್ದೇನಲ್ಲ. ಈ ಶ್ರಾವಣಕ್ಕ ರೂಪವ್ವ ಓದ್ತಾಳ ಅಂತ ನಿಮ್ಮ ಮಾವ ಆಡಿದ್ದು ಕಡೀ ಮಾತು. ಪುರಾಣ ಮುಗಿಯೂ ಮಂಗಲದ ಸೋಮವಾರ ಒಂದು ಅಧ್ಯಾಯ ನಮ್ಮ ಮನಿ ದನಿ ಇರಲಿ ಅಂತ ಅಯ್ಯನೋರಿಗೆ ಹೇಳಿ ಬಂದೀನಿ. ಅವರ ರಾಗ ಇರೂದು ಈ ಕೂಸಿನ ಬಾಯಾಗ ಅಷ್ಟ.”

“ನನ್ನ ಒಂದು ಮಾತು ಕೇಳದ ಹೇಳಿ ಬಂದ್ರಿ?”

“ದೇವರ ಕೆಲಸ. ಕೇಳೂದೇನೈತಿ ಅದರಾಗ?”

ರೇಣುಕಾ ಪಲ್ಯದ ಬೋಗುಣಿ ಕೆಳಗಿಟ್ಟಳು. “ಅತ್ತೀ, ನಾ ಸಣ್ಣಾಕಿದ್ದಾಗ ಮೂರನೇತ್ಯಾಗ ಎರಡು ವರ್ಷ ಕುಂತೆ. ಓದಾಕ ಬರಂಗಿಲ್ಲ ಅಂತ ಬರದ್ರು. ಬರ್ತಿತ್ತು ನನಗ. ನಮ್ಮ ಗುರುಗಳ ಮುಂದ ಬಾಯಿ ಬರ್ತಿರಲಿಲ್ಲ ಅಷ್ಟ. ಮೂರನೇ ವರ್ಷ ನಮ್ಮಪ್ಪ ಹತ್ತಿ ಬಿಡಿಸಾಕ ಕಳಿಸಿದ. ಈಗ ಅದ ಸಾಲ್ಯಾಗ ಬ್ಯಾಳಿ ತೊಳೀತೀನಿ. ನನ್ನ ಮಗಳ ಹೆಸರಿನ ಮುಂದ ಹಂಗ ಬರೀಬಾರದು.”

ರೂಪಾ ಲಂಗದ ಅಂಚನ್ನು ಬಾಯಲ್ಲಿ ಕಚ್ಚಿಕೊಂಡು ಕೂತಿದ್ದಳು. ಅವಳ ತಾಟಿನಲ್ಲಿ ರೊಟ್ಟಿ ಹಾಗೆಯೇ ಇತ್ತು.

ಮರುದಿನ ರೇಣುಕಾ ಪುರಾಣದ ಪುಸ್ತಕವನ್ನು ಕೆಂಪು ವಸ್ತ್ರದಲ್ಲಿ ಸುತ್ತಿ, ಕಣ್ಣಿಗೆ ಒತ್ತಿಕೊಂಡು, ದೇವರ ಜಗಲಿಯ ಮೇಲಿನ ಗೂಡಿನಲ್ಲಿ ಇಟ್ಟಳು. ಅಲ್ಲಿಗೆ ರೂಪಾಳ ಕೈ ನಿಲುಕುತ್ತಿರಲಿಲ್ಲ. ಹುಲಗಮ್ಮನ ಕೈಯೂ ನಿಲುಕುತ್ತಿರಲಿಲ್ಲ.

ಅಂದಿನಿಂದ ರೊಟ್ಟಿ ಬಡಿಯುವ ಹೊತ್ತು ಪಾಠದ ಹೊತ್ತಾಯಿತು. ರೇಣುಕಾ ಒಲೆಯ ಮುಂದೆ ಕೂತು ಹಿಟ್ಟಿನ ಮೇಲೆ ಕೈ ಬಡಿಯುವಳು, ರೂಪಾ ಎದುರಿಗೆ ಶಾಲೆಯ ಪುಸ್ತಕ ಹಿಡಿದು ಕೂರುವಳು. ಒಂದು ಬಡಿತಕ್ಕೆ ಒಂದು ಶಬ್ದ. ಬಡಿತ ನಿಂತರೆ ಶಬ್ದವೂ ನಿಲ್ಲಬೇಕು.

“ಅಳಿಲು.” ತಪ್ಪ್. “ಮರವನ್ನು.” ತಪ್ಪ್. “ಏರಿತೂ...”

“ಎಳೀಬ್ಯಾಡ. ರಾಗ ಬಿಟ್ಟು ಓದು.”

“ಯವ್ವಾ, ಎಳೀಲಿಲ್ಲಂದ್ರ ಮುಂದಿಂದು ಕಾಣಂಗಿಲ್ಲ.”

“ಕಣ್ಣು ಬಿಟ್ಟು ನೋಡು, ಕಾಣ್ತೈತಿ.”

ಹುಡುಗಿ ಹೇಳಿದ್ದು ನಿಜವಾಗಿತ್ತು. ರಾಗ ಎಳೆಯುವ ಹೊತ್ತಿನಲ್ಲಿ ಅವಳ ಕಣ್ಣು ಮುಂದಿನ ಶಬ್ದ ಕೂಡಿಸುತ್ತಿತ್ತು. ರಾಗ ಹೋದ ಮೇಲೆ ಅವಳು ಪ್ರತಿ ಶಬ್ದಕ್ಕೂ ಎಡವಿದಳು. ಮೊದಲನೆಯ ವಾರ ಓದಲೇ ಬಾರದವರಂತೆ ತೊದಲಿದಳು. ಶುಕ್ರವಾರದ ಪಟ್ಟಿಯಲ್ಲಿ ಮತ್ತೆ ಎಲ್ಲರಿಗಿಂತ ಕೆಳಗೆ ಅವಳ ಹೆಸರು.

“ಇದ್ದದ್ದೂ ಹೋತಲ್ಲವ್ವ,” ಎಂದರು ಹುಲಗಮ್ಮ, ಹೆಸರುಕಾಳು ಹಸನು ಮಾಡುತ್ತ.

“ನೀವು ಸುಮ್ಮನ ಇರ್ರಿ ಅತ್ತೀ. ಮೊದಲ ಹೊಳ್ಳು ಹಾರಿ ಹೋಗಬೇಕು, ಆಮ್ಯಾಲ ಕಾಳು.”

“ಹೊಳ್ಳು ಅಂತೀ ಅವರ ರಾಗಕ್ಕ?”

ಆ ದಿನ ರೇಣುಕಾ ಅತ್ತೆಗೆ ಬಿಸಿ ರೊಟ್ಟಿ ಒಂದನ್ನು ಹೆಚ್ಚಿಗೆ ಹಾಕಿದಳು. ಹುಲಗಮ್ಮ ಅದನ್ನು ಮುಟ್ಟಲಿಲ್ಲ.

ಎರಡನೆಯ ವಾರಕ್ಕೆ ತಾಯಿಯ ಕೈ ಮಗಳ ನಾಲಿಗೆಗೆ ಹತ್ತಿತು. ರೂಪಾ ಓದುವಾಗ ತನ್ನ ಬಲಗೈಯಿಂದ ಮೊಳಕಾಲಿನ ಮೇಲೆ ಸಣ್ಣಗೆ ಬಡಿದುಕೊಳ್ಳತೊಡಗಿದಳು. ಒಂದು ಬಡಿತಕ್ಕೆ ಒಂದು ಶಬ್ದ. ಒಂದು ಬುಧವಾರ ಗೋಡೆಯ ಆಚೆಯಿಂದ ರೂಪಾಳ ಒಂದೊಂದು ಸಾಲಿಗೂ ಹಕ್ಕಿಯ ದನಿ ಕೇಳಿತು: “ಶಭಾಷ್! ಮುಂದೆ ಹೋಗು.” ಅನ್ನ ಬಸಿಯುತ್ತಿದ್ದ ರೇಣುಕಾ ಸೌಟು ಹಿಡಿದುಕೊಂಡೇ ತರಗತಿಯ ಬಾಗಿಲಿಗೆ ಓಡಿದಳು. ಹಸೀನಾಬೇಗಂ ಬೆರಳೆತ್ತಿ ತೋರಿಸಿದರು: ಒಂದು ಪಾಠ ದಾಟಿತ್ತು.

ಆ ಹೊತ್ತಿಗೆ ಶ್ರಾವಣ ಹಿಡಿದಿತ್ತು. ಗುಡಿಯಲ್ಲಿ ಪುರಾಣ ಹಚ್ಚಿದ್ದರು. ಓದುವವರು ಬೇರೆ ಸಿಗದೆ ಅಯ್ಯನವರೇ ಓದಿ, ಅವರೇ ಅರ್ಥ ಹೇಳುತ್ತಿದ್ದರು. ಅವರ ಗಂಟಲು ಮೊದಲಿನಂತಿರಲಿಲ್ಲ. ಹುಲಗಮ್ಮ ದಿನವೂ ಹೋಗಿ ಕಂಬದ ಹತ್ತಿರ ಕೂತು, ಗಂಡ ಕೂರುತ್ತಿದ್ದ ಮಣೆಯನ್ನು ನೋಡಿ ಬರುವರು. ಮನೆಗೆ ಬಂದರೆ ಒಲೆಯ ಮುಂದೆ ಬಡಿತ ನಡೆದಿರುತ್ತಿತ್ತು.

ಹುಡುಗಿಯಲ್ಲಿ ಇನ್ನೊಂದು ರೂಢಿ ಬೆಳೆದಿತ್ತು. ಏನಾದರೂ ಹೇಳಿದರೆ, ಹೇಳಿ ಮುಗಿಸಿ ಅಲ್ಲಿಯೇ ನಿಲ್ಲುವಳು. “ಅಪ್ಪಾ, ನಮ್ಮ ಓಣಿಗೆ ನೀರು ಬಂದಾವು,” ಎಂದು ಹೇಳಿ ಮುಖ ನೋಡುತ್ತ ನಿಂತಳು ಒಂದು ದಿನ.

“ಹೂಂ, ಬರಲಿ,” ಎಂದ ವಿರುಪಣ್ಣ. ಅವಳು ಕದಲಲಿಲ್ಲ. “ಏನವ್ವ? ಇನ್ನೇನು ಬೇಕು?” ಆದರೂ ನಿಂತೇ ಇದ್ದಳು. ಅವನು ಚೇಷ್ಟೆಗೆ ಹಕ್ಕಿಯಂತೆ ದನಿ ಸಣ್ಣ ಮಾಡಿ, “ಶಭಾಷ್! ಮುಂದೆ ಹೋಗು,” ಎಂದ. ಹುಡುಗಿ ತಟ್ಟನೆ ತಿರುಗಿ ಕೊಡ ಎತ್ತಿಕೊಂಡು ಹೋದಳು. ವಿರುಪಣ್ಣ ಗಟ್ಟಿಯಾಗಿ ನಕ್ಕ. ಹುಲಗಮ್ಮ ನಗಲಿಲ್ಲ.

“ವಿರುಪಣ್ಣ, ಅದು ನಗೂ ಮಾತಲ್ಲಪ.”

“ಸಣ್ಣ ಹುಡುಗಿ ಬಿಡಬೇ ಯವ್ವಾ. ಆಟ ಮಾಡ್ತಾಳ.”

ಶ್ರಾವಣದ ಎರಡನೆಯ ಶನಿವಾರ ಹಿಂದುಳಿದ ಮಕ್ಕಳಿಗೆ ಟ್ಯಾಬನ್ನು ಮನೆಗೆ ಕೊಟ್ಟು ಕಳಿಸಿದರು. ವಿರುಪಣ್ಣ ಸಹಿ ಮಾಡಿ, ಟವೆಲ್ಲಿನಲ್ಲಿ ಸುತ್ತಿಕೊಂಡು ತಂದ. ರೇಣುಕಾ ಬಟ್ಟೆ ಒಗೆಯಲು ಹಳ್ಳಕ್ಕೆ ಹೋದಾಗ ಅಜ್ಜಿ ಮೊಮ್ಮಗಳ ಹತ್ತಿರ ಬಂದು ಕೂತರು.

“ಇದೇನ ಆ ಗಾಜಿನ ಪಾಟಿ? ಎಲ್ಲಿ, ಹಕ್ಕಿ ತೋರಸು.”

ರೂಪಾ ತೋರಿಸಿದಳು. ಹುಲಗಮ್ಮ ಬಗ್ಗಿ ಬಹಳ ಹೊತ್ತು ನೋಡಿದರು. “ಛಲೋ ಐತಿ. ಕಣ್ಣು ಭಾರಿ ಅದಾವ. ಕಿವಿ ಕಾಣವಲ್ಲವು.” ಆಮೇಲೆ ಬಾಗಿಲ ಕಡೆಗೊಮ್ಮೆ ನೋಡಿ, ದನಿ ಇಳಿಸಿ ಹೇಳಿದರು, “ನಿಮ್ಮಜ್ಜ ಓದ್ತಿದ್ದನಲ್ಲ, ಹಂಗ ಒಂದು ಸಾಲು ಓದು ನನ್ನವ್ವ. ಒಂದ ಒಂದು. ನಿಮ್ಮವ್ವಗ ಹೇಳಂಗಿಲ್ಲ.”

ಹುಡುಗಿ ಬಾಯಿ ತೆರೆದಳು. ಗಾಜಿನ ಮೇಲಿನ ಸಾಲು ನೋಡಿದಳು. ಬಾಯಿ ಮುಚ್ಚಿದಳು.

“ಹಕ್ಕಿ ಬೈತೈತಿ ಅಜ್ಜಿ.”

“ಬೈಲಿ ಬಿಡು. ನನ್ನ ಬೈಲಿ.” ಹುಲಗಮ್ಮ ತಾವೇ ಕಣ್ಣು ಮುಚ್ಚಿ, ಗಂಡನ ಬಾಯಿಂದ ಎಷ್ಟೋ ಸಂಜೆ ಕೇಳಿದ ಒಂದು ಪದ್ಯವನ್ನು ರಾಗ ಎಳೆದು ಅಂದರು. ಓದು ಬಾರದ ಅವರಿಗೆ ಅಷ್ಟು ಬಾಯಿಪಾಠವಿತ್ತು. ಕಡೆಯ ಸಾಲಿನತನಕ ಅಂದು ಮುಗಿಸಿದರು.

“ಮತ್ತೊಮ್ಮೆ ಓದು,” ಎಂದಿತು ಹಕ್ಕಿ.

ಹುಲಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. “ಅದರ ತಪ್ಪಲ್ಲವ್ವ. ಅದಕ್ಕ ಯಾರೂ ಕೇಳಿಸಿಲ್ಲ,” ಎಂದು ಹೇಳಿ ದೇವರ ಜಗಲಿಯ ಮುಂದೆ ಹೋಗಿ ಕೂತರು.

ಸೋಮವಾರದಿಂದ ರೇಣುಕಾಳ ಅವಸರ ಹೆಚ್ಚಿತು. ಮುಂಜಾನೆ ಏಳು ರೊಟ್ಟಿ ಬೇಕಾದಲ್ಲಿ ಹನ್ನೆರಡು ಬಡಿದಳು. ಉಳಿದವನ್ನು ಒಣಗಿಸಿ ಕಟಕ ರೊಟ್ಟಿ ಮಾಡಿ ಪೇರಿಸಿಟ್ಟಳು. ನಾಲ್ಕು ಪಾಠವಾಯಿತು, ಆರಾಯಿತು. ಬುಧವಾರ ರೂಪಾಗೆ ಜ್ವರ ಬಂತು. ರೇಣುಕಾ ತಂಪು ಬಟ್ಟೆ ಹಣೆಗೆ ಹಾಕಿ, ಶಾಲೆಗೆ ಕರೆದುಕೊಂಡೇ ಹೋದಳು.

“ಏ, ಹುಡುಗಿ ಸುಡಾಕತ್ತೈತಿ, ಇವತ್ತೊಂದಿನ ಬಿಡು,” ಎಂದ ವಿರುಪಣ್ಣ, ಮೊದಲ ಸಲ ದನಿ ಏರಿಸಿ.

“ನಾಡಿದ್ದು ಶುಕ್ರವಾರ. ಜ್ವರ ಶನಿವಾರಕ್ಕ ಹೋಗ್ತೈತಿ. ಹೆಸರು ಹೋದ್ರ ಬರ್ತೈತೇನ್ರಿ?”

ಶುಕ್ರವಾರ ಮಧ್ಯಾಹ್ನ ಹಸೀನಾಬೇಗಂ ತಾವಾಗಿಯೇ ಅಡುಗೆ ಕೋಣೆಗೆ ಬಂದರು. “ಹನ್ನೊಂದು ಪಾಠ ರೇಣುಕಾ. ಒಂದು ಹೆಚ್ಚಿಗೇನ ದಾಟ್ಯಾಳ.” ರೇಣುಕಾ ಒಲೆಯ ಕಟ್ಟೆಯ ಮೇಲೆ ಕೂತುಬಿಟ್ಟಳು, ಹೊಗೆ ಕಣ್ಣಿಗೆ ಹೋದವಳಂತೆ ಸೆರಗು ಹಿಡಿದುಕೊಂಡಳು. ಟೀಚರು ಹೋಗದೆ ಅಲ್ಲಿಯೇ ನಿಂತಿದ್ದರು.

“ಒಂದು ಮಾತು ಹೇಳಲೇನು? ಆಕಿ ಈಗ ಭಾಳ ಚಂದ ಓದ್ತಾಳ. ಆದ್ರ ನಾ ಏನರ ಕೇಳಿದ್ರ ಮಾತಾಡಂಗಿಲ್ಲ. ಉತ್ತರ ಹೇಳಿ ನನ್ನ ಬಾಯಿ ನೋಡಿಕೋಂತ ನಿಂದರ್ತಾಳ. ಸ್ವಲ್ಪ ದಿನ ಬಿಡು ಆಕೀನ್ನ.”

“ಬಿಡ್ತೀನ್ರಿ ಅಕ್ಕೋರೆ. ಇನ್ನೇನು ಬೇಕು ನನಗ, ಬಿಡ್ತೀನಿ.”

ಅಂದು ಮನೆಯಲ್ಲಿ ಗೋಧಿ ಹುಗ್ಗಿ ಮಾಡಿದಳು. ಹುಗ್ಗಿಯ ಮೇಲೆ ತುಪ್ಪ ಹಾಕುತ್ತ ಅತ್ತೆಯ ಮುಖ ನೋಡದೆ ಹೇಳಿದಳು, “ಅತ್ತೀ, ಸೋಮವಾರ ಮಂಗಲ ಅಲ್ರಿ? ಪುಸ್ತಕ ಇಳಿಸಿ ಕೊಡ್ತೀನಿ. ಈಗ ಆಕಿ ಹೆಂಗ ಬೇಕಾದ್ರೂ ಓದಲಿ.”

ಹುಲಗಮ್ಮ ಸೊಸೆಯ ಕೈ ಹಿಡಿದುಕೊಂಡರು. “ಶಿವ ನಿನ್ನ ಹೊಟ್ಟಿ ತಣ್ಣಗ ಇಡಲಿ.” ಆ ಸಂಜೆ ತಾಟಿನಲ್ಲಿ ಏನೂ ಉಳಿಸದೆ ಉಂಡರು.

ಸೋಮವಾರ ಗುಡಿ ತುಂಬಿತ್ತು. ಕುಕನೂರಿನಿಂದಲೂ ನೆಂಟರು ಬಂದಿದ್ದರು. ರೇಣುಕಾ ಮಗಳಿಗೆ ಹೊಸ ಲಂಗ ತೊಡಿಸಿ, ಹಣೆಗೆ ವಿಭೂತಿ ಹಚ್ಚಿ, ಹೆಂಗಸರ ಸಾಲಿನ ಮುಂದೆ ಕೂತಳು. ವಿರುಪಣ್ಣ ಬಾಗಿಲ ಹತ್ತಿರ ನಿಂತಿದ್ದ. ಹುಲಗಮ್ಮ ಮೊಮ್ಮಗಳನ್ನು ಕರೆದೊಯ್ದು ಗವಿಸಿದ್ದಪ್ಪನ ಮಣೆಯ ಮೇಲೆ ಕೂರಿಸಿ, ಕೆಂಪು ವಸ್ತ್ರ ಬಿಚ್ಚಿ, ಅಜ್ಜ ಕಟ್ಟಕಡೆಗೆ ದಾರ ಇಟ್ಟಿದ್ದ ಪುಟವನ್ನೇ ತೆರೆದರು. ತಾವು ಪಕ್ಕದಲ್ಲಿ ಕೂತರು.

“ನಮ್ಮ ಗವಿಸಿದ್ದಪ್ಪನ ಮೊಮ್ಮಗಳು,” ಎಂದರು ಅಯ್ಯನವರು ಎಲ್ಲರಿಗೂ ಕೇಳುವಂತೆ. “ಅಂವನ ಕಂಠ ಇಳದು ಬಂದೈತಿ ಅಂತಾರ. ಓದವ್ವ ತಂಗಿ.”

ರೂಪಾ ಪುಸ್ತಕ ನೋಡಿದಳು. ಬಲಗೈ ಮೊಳಕಾಲಿನ ಮೇಲೆ ಹೋಯಿತು.

ಅವಳು ಓದಿದಳು. ಒಂದೊಂದು ಶಬ್ದವೂ ಬಿಡಿಯಾಗಿ, ಸ್ಪಷ್ಟವಾಗಿ, ತಪ್ಪಿಲ್ಲದೆ ಬಂತು. ಅಂಗೈ ಮೊಳಕಾಲನ್ನು ಬಡಿಯುತ್ತಿತ್ತು. ರಾಗ ಎಲ್ಲಿಯೂ ಇರಲಿಲ್ಲ. ಒಂದು ಸಾಲು ಮುಗಿಯಿತು. ಅವಳು ತಲೆ ಎತ್ತಿ ಎದುರಿಗೆ ನೋಡುತ್ತ ಕೂತುಬಿಟ್ಟಳು.

ಜನ ಕಾದರು. ಅಯ್ಯನವರು, “ಮುಂದಿಂದು ಅನ್ನವ್ವ, ರಾಗ ಎಳದು ಅನ್ನು, ನಿಮ್ಮಜ್ಜ ಅಂತಿದ್ದನಲ್ಲ,” ಎಂದರು. ಹುಡುಗಿ ಅವರ ಮುಖ ನೋಡಿದಳು. ತುಟಿ ಅಲುಗಿತು, ದನಿ ಬರಲಿಲ್ಲ. ಗಂಡಸರ ಸಾಲಿನಲ್ಲಿ ಯಾರೋ ಕೆಮ್ಮಿದರು. “ಅಂಜ್ಯಾಳ, ಇಳಿಸ್ರಿ ಪಾಪ,” ಎಂದಳು ಒಬ್ಬ ಹೆಂಗಸು.

ರೇಣುಕಾ ಎದ್ದು ನಿಂತಳು. ಅವಳ ಎರಡೂ ಕೈ ರೊಟ್ಟಿ ಬಡಿಯುವಾಗ ಇರುವಂತೆ ಅರ್ಧಕ್ಕೆ ಎದ್ದು ನಿಂತಿದ್ದವು. ಬಾಗಿಲ ಹತ್ತಿರ ವಿರುಪಣ್ಣ ತಲೆ ತಗ್ಗಿಸಿದ.

ಹುಲಗಮ್ಮ ಮೊಮ್ಮಗಳ ಮುಖವನ್ನೇ ನೋಡುತ್ತಿದ್ದರು. ಆ ಕಣ್ಣು ಏನನ್ನು ಕಾಯುತ್ತಿದೆ ಎಂಬುದು ಆ ಗುಡಿಯಲ್ಲಿ ಅವರಿಗೆ ತಿಳಿದಷ್ಟು ಬೇಗ ಬೇರೆ ಯಾರಿಗೂ ತಿಳಿದಿರಲಿಕ್ಕಿಲ್ಲ. ಅವರು ಒಮ್ಮೆ ಬಸವಣ್ಣನ ಕಡೆ ನೋಡಿ ಕೈ ಮುಗಿದರು. ಆಮೇಲೆ ಹುಡುಗಿಯ ಬೆನ್ನ ಮೇಲೆ ಕೈ ಇಟ್ಟು, ಬಗ್ಗಿ, ಅವಳ ಕಿವಿಯ ಹತ್ತಿರ ಹೇಳಿದರು:

“ಶಭಾಷ್. ಮುಂದೆ ಹೋಗು.”

ಅಂಗೈ ಮತ್ತೆ ಮೊಳಕಾಲನ್ನು ಬಡಿಯಿತು. ಹುಡುಗಿ ಎರಡನೆಯ ಸಾಲು ಓದಿದಳು. ಆ ಅಧ್ಯಾಯದಲ್ಲಿ ಮೂವತ್ತಾರು ಪದ್ಯಗಳಿದ್ದವು. ಒಂದೊಂದು ಸಾಲಿಗೂ ಹುಲಗಮ್ಮ ಬಗ್ಗಿ ಆ ಮಾತು ಹೇಳಿದರು, ದೀಪಕ್ಕೆ ಎಣ್ಣೆ ಎರಡು ಸಲ ಹಾಕುವವರೆಗೆ, ಮಂಗಲದ ಸಾಲು ಮುಗಿಯುವವರೆಗೆ.